ಯೋನನ ಮಹಾಮತ್ಸ್ಯ: ಒಂದು ಹೆಸರಿನ ಚರಿತ್ರೆ

ಕುಂದಗೋಳ ತಾಲ್ಲೂಕಿನ ಸಂಶಿ ನನ್ನ ಊರು. ಹುಬ್ಬಳ್ಳಿಯಿಂದ ದಾವಣಗೆರೆಯತ್ತ ಹೋಗುವ ರೈಲು ಮಾರ್ಗದಲ್ಲಿ, ಎರೆಭೂಮಿಯ ನಡುವೆ ಇರುವ ಈ ಊರಿಗೂ ಸಮುದ್ರಕ್ಕೂ ನಂಟು ಕಡಿಮೆ. ಹುಬ್ಬಳ್ಳಿಯಿಂದ ಕಾರವಾರಕ್ಕೆ ರಸ್ತೆಯ ದಾರಿಯೇ 160 ಕಿ.ಮೀ.ಗೂ ಮಿಕ್ಕಿದ್ದು. ನಮ್ಮ ಆಯಿ ತಮ್ಮ ಬದುಕಿನಲ್ಲಿ ಒಮ್ಮೆಯೂ ಕಡಲನ್ನು ಕಂಡವರಲ್ಲ. ನಾನು ಗುರುಮಠವನ್ನು ಸೇರಿದ ಮೊದಲ ವರ್ಷದ ರಜೆಯಲ್ಲಿ ಮನೆಗೆ ಬಂದಾಗ, ಹೊಸದಾಗಿ ಕಲಿತವನ ಉತ್ಸಾಹದಿಂದ ಅವರಿಗೆ ಪ್ರವಾದಿ ಯೋನನ ಗ್ರಂಥವನ್ನು ಓದಿ ಹೇಳಿದೆ. ಮೀನು ಯೋನನನ್ನು ದಡಕ್ಕೆ ಕಾರಿದ ಭಾಗಕ್ಕೆ ಬಂದಾಗ ಅವರು ನನ್ನನ್ನು ತಡೆದು ಕೇಳಿದರು: "ಅಲ್ಲೋ ತಮ್ಮಾ, ಮೂರು ದಿನಾ ಅವನ್ನ ಹೊಟ್ಟ್ಯಾಗ ಹೊತ್ತು ತಂದ ಮೀನಕ್ಕ ದೇವರು ಏನ ಕೊಟ್ಟಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅದು ಮೀನಲ್ಲ, ತಿಮಿಂಗಿಲ ಎಂದು ಹೇಳಿ ಮುಂದಿನ ಅಧ್ಯಾಯಕ್ಕೆ ಹೋದೆ. ಅವರು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ವರ್ಷಗಳ ನಂತರ, ಲೈಸೆನ್ಷಿಯೇಟ್ ವ್ಯಾಸಂಗದಲ್ಲಿ ಅದೇ ಗ್ರಂಥದ ಹೀಬ್ರೂ ಪಠ್ಯವನ್ನು ಓದುವಾಗ, ನನ್ನ ತಪ್ಪು ನನ್ನೊಬ್ಬನದೇ ಅಲ್ಲವೆಂದು ತಿಳಿಯಿತು. ಆ ಜೀವಿ ಯಾವುದು ಎಂಬ ಪ್ರಶ್ನೆಯ ಬೆನ್ನು ಹತ್ತಿದ ಶತಮಾನಗಳು, ಅದು ಮಾಡಿದ್ದು ಏನು ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಮರೆತಿವೆ. ಈ ಲೇಖನವು ಆ ಮರೆವಿನ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುತ್ತದೆ.

ಹೀಬ್ರೂ ಮೂಲದ ಮಿತವಾಕ್ಯ

ಹೀಬ್ರೂ ಪಠ್ಯವು ಆ ಜೀವಿಯನ್ನು 'ದಾಗ್ ಗಾದೋಲ್' ಎಂದು ಮಾತ್ರ ಕರೆಯುತ್ತದೆ. ದಾಗ್ ಎಂದರೆ ಮೀನು, ಗಾದೋಲ್ ಎಂದರೆ ದೊಡ್ಡದು. ಅದರ ಬಣ್ಣ, ಹಲ್ಲು, ಜಾತಿ ಯಾವುದರ ವಿವರವೂ ಅಲ್ಲಿಲ್ಲ. ಕಡಲಿನ ಭಯಂಕರ ಜೀವಿಗಳನ್ನು ಹೆಸರಿಸುವ ಶಬ್ದಗಳು ಹೀಬ್ರೂ ಭಾಷೆಗೆ ಇರಲಿಲ್ಲವೆಂದಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ 'ತನ್ನೀನ್' ಇದೆ. ಯೋಬನ ಗ್ರಂಥದಲ್ಲಿಯೂ 104ನೆಯ ಕೀರ್ತನೆಯಲ್ಲಿಯೂ 'ಲಿವ್ಯಾತಾನ್' ಇದೆ. ಯೋನನ ಗ್ರಂಥದ ಕರ್ತೃ ಇವುಗಳನ್ನು ಬಿಟ್ಟು, ಸಂತೆಯಲ್ಲಿ ಬಳಸುವ ಸಾಮಾನ್ಯ ಪದವನ್ನೇ ಆರಿಸಿಕೊಂಡಿದ್ದಾನೆ. ಪಠ್ಯದಲ್ಲಿ ಒಮ್ಮೆ ಪುಲ್ಲಿಂಗದ 'ದಾಗ್', ಮರುವಾಕ್ಯದಲ್ಲಿ ಸ್ತ್ರೀಲಿಂಗದ 'ದಾಗಾ' ಬಂದಿರುವುದನ್ನು ಕಂಡ ಯೆಹೂದಿ ವ್ಯಾಖ್ಯಾನಕಾರರು, ಮೀನು ಒಂದಲ್ಲ, ಗಂಡೊಂದು ಹೆಣ್ಣೊಂದು, ಎಂದು ಕಥೆಯನ್ನೇ ಬೆಳೆಸಿದರು. ಮೂಲವು ಮೌನವಾಗಿರುವಲ್ಲಿ ಓದುಗರು ಮಾತನಾಡತೊಡಗುವುದಕ್ಕೆ ಇದು ಒಂದು ನಿದರ್ಶನ.

ಮೂಲದ ಒತ್ತು ಇರುವುದು ನಾಮಪದದ ಮೇಲಲ್ಲ, ಕ್ರಿಯಾಪದದ ಮೇಲೆ. ಸರ್ವೇಶ್ವರ ಆ ಮೀನನ್ನು 'ನೇಮಿಸಿದರು' ಎಂಬ ಅರ್ಥದ 'ಮಾನಾ' ಎಂಬ ಧಾತು ಈ ಕಿರುಗ್ರಂಥದಲ್ಲಿ ನಾಲ್ಕು ಬಾರಿ ಬರುತ್ತದೆ. ಮೊದಲು ಮೀನು, ಆಮೇಲೆ ನೆರಳು ಕೊಡುವ ಗಿಡ, ಅದನ್ನು ಕೊರೆಯುವ ಹುಳು, ಕೊನೆಗೆ ಸುಡುವ ಪೂರ್ವದ ಗಾಳಿ. ಈ ನಾಲ್ಕೂ ನೇಮಕವಾದ ಕ್ಷಣವೇ ತಮ್ಮ ಕೆಲಸವನ್ನು ಮಾಡಿದವು. ಅದೇ ದೇವರಿಂದ ಕರೆ ಪಡೆದ ಪ್ರವಾದಿಯೊಬ್ಬನೇ ಎದ್ದು ವಿರುದ್ಧ ದಿಕ್ಕಿಗೆ ಓಡಿದ. ಗ್ರಂಥದ ವ್ಯಂಗ್ಯವಿರುವುದು ಇಲ್ಲಿಯೇ. ಮೀನನ್ನು ಶಿಕ್ಷೆಯ ಸೆರೆಮನೆಯೆಂದು ಓದಿದರೆ ಈ ವ್ಯಂಗ್ಯ ಕೈತಪ್ಪಿಹೋಗುತ್ತದೆ. ಯೋನನಿಗೆ ಮರಣವಾಗಿದ್ದುದು ಸಮುದ್ರ. ಮೀನು ಅವನನ್ನು ಆ ಮರಣದಿಂದ ಎತ್ತಿಕೊಂಡಿತು. ಸಂತ ಜೆರೋಮರ ವ್ಯಾಖ್ಯಾನವೂ ನಾಶವೆಂದು ತೋರಿದ ಸ್ಥಳದಲ್ಲಿಯೇ ರಕ್ಷಣೆಯಿತ್ತೆಂಬುದರ ಕಡೆಗೆ ಬೆರಳು ಮಾಡುತ್ತದೆ.

ಮೀನು ಘೋರಪ್ರಾಣಿಯಾದ ಬಗೆ

ಕ್ರಿಸ್ತಪೂರ್ವ ಶತಮಾನಗಳಲ್ಲಿ ಸಿದ್ಧವಾದ ಗ್ರೀಕ್ ಸಪ್ತತಿ ಅನುವಾದದಲ್ಲಿ ಮೊದಲ ಪಲ್ಲಟ ನಡೆಯಿತು. 'ದೊಡ್ಡ ಮೀನು' ಅಲ್ಲಿ 'ಕೇತೋಸ್' ಆಯಿತು. ಗ್ರೀಕರಿಗೆ ಕೇತೋಸ್ ಎಂದರೆ ಯಾವುದೇ ಭಾರೀ ಕಡಲಜೀವಿ. ಅವರ ಪುರಾಣಗಳಲ್ಲಿ ವೀರರು ಕೊಲ್ಲುವ ಸಮುದ್ರರಾಕ್ಷಸವೂ ಕೇತೋಸ್ ಆಗಿತ್ತು. ಮತ್ತಾಯನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಯೋನನ ಸಂಕೇತವನ್ನು ಕುರಿತು ಹೇಳುವಾಗ ಗ್ರೀಕ್ ಪಠ್ಯವು ಇದೇ ಶಬ್ದವನ್ನು ಬಳಸುತ್ತದೆ. ರೋಮಿನ ಭೂಗತ ಸಮಾಧಿಗಳ ಗೋಡೆಗಳ ಮೇಲೆ ಆದಿ ಕ್ರೈಸ್ತರು ಯೋನನನ್ನು ಮತ್ತೆ ಮತ್ತೆ ಚಿತ್ರಿಸಿದರು. ಅಲ್ಲಿರುವ ಜೀವಿ ಮೀನೂ ಅಲ್ಲ, ತಿಮಿಂಗಿಲವೂ ಅಲ್ಲ. ಉದ್ದ ಕತ್ತು, ಮೃಗದ ಮುಖ, ಸುರುಳಿ ಸುತ್ತಿದ ಬಾಲದ ಮಿಶ್ರಪ್ರಾಣಿ ಅದು.

ಸಂಶಿಯ ಸುತ್ತಲಿನವರಿಗೆ ಇಂತಹ ಪ್ರಾಣಿ ಅಪರಿಚಿತವಲ್ಲ. ಕುಂದಗೋಳದ ಶಂಭುಲಿಂಗ ದೇವಾಲಯ, ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಗುಡಿಗಳು ಈ ಸೀಮೆಗೆ ಕಲ್ಯಾಣ ಚಾಲುಕ್ಯರ ಕಾಲ ಬಿಟ್ಟುಹೋದ ಆಸ್ತಿ. ಆ ಕಾಲದ ಶಿಲ್ಪಿಗಳಿಗೆ ಮಕರವು ಬಹು ಪ್ರಿಯವಾದ ವಸ್ತು. ಆನೆಯ ಸೊಂಡಿಲು, ಮೊಸಳೆಯ ದವಡೆ, ಮೀನಿನ ಮೈ, ನವಿಲಿನಂತೆ ಹರಡಿದ ಬಾಲ. ವರುಣನಿಗೂ ಗಂಗೆಗೂ ವಾಹನ. ಕಡಲನ್ನು ಕಾಣದ ಎರೆಸೀಮೆಯಲ್ಲಿ ಕಡಲಜೀವಿಯು ತೋರಣವಾಗಿ ನಿಂತಿತು. ರೋಮಿನ ಕೇತೋಸನ್ನೂ ನಮ್ಮ ಮಕರವನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದು ಮಾತು ಸ್ಪಷ್ಟವಾಗುತ್ತದೆ: ಮನುಷ್ಯನು ತಾನು ಕಾಣದ ಆಳವನ್ನು ತಾನು ಕಂಡ ಪ್ರಾಣಿಗಳ ತುಣುಕುಗಳಿಂದ ತುಂಬಿಸಿಕೊಳ್ಳುತ್ತಾನೆ. ಆದರೆ ಒಂದು ವ್ಯತ್ಯಾಸವೂ ಉಂಟು. ಮಕರವು ಬಾಗಿಲನ್ನು ಕಾಯುವ ಮಂಗಳದ ಜೀವಿ. ಕೇತೋಸ್ ಕ್ರಮೇಣ ನರಕದ ಬಾಯಿಯಾಯಿತು. ಮಧ್ಯಯುಗದ ಯುರೋಪಿನ ಚಿತ್ರಗಳಲ್ಲಿ ಪಾತಾಳವು ಬಾಯ್ದೆರೆದ ಘೋರಪ್ರಾಣಿಯಾಗಿ ಕಾಣಿಸಿಕೊಳ್ಳುತ್ತದೆ.

ಜೆರೋಮರು ಹೀಬ್ರೂವಿನಿಂದ ನೇರವಾಗಿ ಲತೀನಿಗೆ ಅನುವಾದಿಸುವಾಗ ಯೋನನ ಗ್ರಂಥದಲ್ಲಿ 'ದೊಡ್ಡ ಮೀನು' ಎಂಬುದನ್ನೇ ಉಳಿಸಿದರು. ಮತ್ತಾಯನಲ್ಲಿ ಮಾತ್ರ ಗ್ರೀಕ್ ಶಬ್ದವೇ ಲತೀನಿನ ರೂಪದಲ್ಲಿ ನಿಂತಿತು. ಅವರ ಅನುವಾದ ಜಗಳಕ್ಕೆ ಕಾರಣವಾದದ್ದು ಮೀನಿನಿಂದಲ್ಲ, ಗಿಡದಿಂದ. ಹಳೆಯ ಅನುವಾದದಲ್ಲಿ ಸೋರೆಬಳ್ಳಿಯಾಗಿದ್ದ ಗಿಡವನ್ನು ಅವರು ಬೇರೊಂದು ಬಳ್ಳಿಯ ಹೆಸರಿನಿಂದ ಕರೆದರು. ಉತ್ತರ ಆಫ್ರಿಕಾದ ಓಯ ಪಟ್ಟಣದಲ್ಲಿ ಈ ಹೊಸ ಪಾಠವನ್ನು ಓದಿದಾಗ ಜನರು ದಂಗೆಯೆದ್ದರೆಂದೂ, ಧರ್ಮಾಧ್ಯಕ್ಷರು ತಮ್ಮ ಸಭೆಯನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದರೆಂದೂ ಸಂತ ಅಗಸ್ಟೀನರು ಜೆರೋಮರಿಗೆ ಪತ್ರ ಬರೆದರು. ಕಿವಿಗೆ ಒಗ್ಗಿದ ಒಂದು ಹೆಸರನ್ನು ಬದಲಿಸುವುದು ಪಾಲನಾಸೇವೆಯಲ್ಲಿ ಸಣ್ಣ ವಿಷಯವಲ್ಲ ಎಂಬುದನ್ನು ನಾವು ಈ ಪ್ರಸಂಗದಿಂದ ಕಲಿಯಬೇಕು.

ಶಾರ್ಕಿನ ಹಲ್ಲು ಮತ್ತು ಒಬ್ಬ ಧರ್ಮಾಧ್ಯಕ್ಷರು

ಹದಿನಾರನೆಯ ಶತಮಾನದಲ್ಲಿ ಯೋನನ ಮೀನು ಪ್ರಕೃತಿ ವಿಜ್ಞಾನಿಗಳ ಕೈಗೆ ಬಂದಿತು. ಫ್ರಾನ್ಸಿನ ಮೋಂಪೆಲಿಯೇ ನಗರದ ವೈದ್ಯ ಗಿಯೋಮ್ ರೊಂಡೆಲೆ 1554ರಲ್ಲಿ ಕಡಲ ಮೀನುಗಳನ್ನು ಕುರಿತ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ. ಮನುಷ್ಯನನ್ನು ಇಡಿಯಾಗಿ ನುಂಗಬಲ್ಲ ಗಂಟಲು ತಿಮಿಂಗಿಲಕ್ಕಿಂತ ದೊಡ್ಡ ಶಾರ್ಕಿಗೆ ಒಪ್ಪುತ್ತದೆ, ಆದ್ದರಿಂದ ಯೋನನನ್ನು ನುಂಗಿದ್ದು ಶಾರ್ಕ್ ಆಗಿರಬೇಕು ಎಂಬುದು ಅವನ ಊಹೆ. ಮುಂದೆ ಸ್ವೀಡನ್ನಿನ ಲಿನೇಯಸ್ ಸಹ ಈ ಊಹೆಯನ್ನು ಒಪ್ಪಿದ. ಅದೇ ಲಿನೇಯಸ್ 1758ರಲ್ಲಿ ತಿಮಿಂಗಿಲಗಳನ್ನು ಮೀನುಗಳ ವರ್ಗದಿಂದ ತೆಗೆದು ಸಸ್ತನಿಗಳೊಂದಿಗೆ ಸೇರಿಸಿದ ಮೇಲೆ, ಬೈಬಲನ್ನು ಅಕ್ಷರಶಃ ಸಮರ್ಥಿಸುವವರಿಗೆ ಶಾರ್ಕ್ ಇನ್ನಷ್ಟು ಅನುಕೂಲವಾಯಿತು. ಅದು ನಿಜವಾಗಿಯೂ ಮೀನು. ಅದರ ಎಲುಬುಗಳ ಸ್ಥಾನದಲ್ಲಿ ಮೃದ್ವಸ್ಥಿ ಇದ್ದರೂ, ಕಿವಿರುಗಳಿಂದ ಉಸಿರಾಡುವ ಮೀನು.

ಈ ವಾದದಲ್ಲಿ ಒಂದು ಸ್ವಾರಸ್ಯವಿದೆ. ಯಾಜಕಕಾಂಡದ 11ನೆಯ ಅಧ್ಯಾಯದ ಪ್ರಕಾರ ರೆಕ್ಕೆಯೂ ಪೊರೆಯೂ ಇರುವ ಜಲಚರ ಮಾತ್ರ ಶುದ್ಧ. ಯೆಹೂದಿ ಸಂಪ್ರದಾಯವು ಶಾರ್ಕನ್ನು ಶುದ್ಧ ಮೀನುಗಳಲ್ಲಿ ಎಣಿಸುವುದಿಲ್ಲ. ರೊಂಡೆಲೆಯ ಊಹೆ ನಿಜವಾದರೆ, ಶುದ್ಧಾಶುದ್ಧಗಳನ್ನು ಪಾಲಿಸುವ ಇಸ್ರಯೇಲಿನ ಪ್ರವಾದಿಯು ಅಶುದ್ಧ ಜೀವಿಯೊಂದರ ಹೊಟ್ಟೆಯಲ್ಲಿ ಉಳಿದುಕೊಂಡನೆಂದಾಗುತ್ತದೆ. ಎಲೀಯನಿಗೆ ರೊಟ್ಟಿ ತಂದ ಕಾಗೆಗಳೂ ಅದೇ ಅಧ್ಯಾಯದ ಅಶುದ್ಧ ಪಕ್ಷಿಗಳ ಪಟ್ಟಿಯಲ್ಲಿವೆ. ಅಶುದ್ಧರೆನಿಸಿದ ನಿನೆವೆಯವರ ಬಳಿಗೆ ಹೋಗಲು ಹಿಂಜರಿದವನಿಗೆ ಇಂತಹ ವಾಹನ ಒದಗಿದ್ದರೆ ಅದು ಗ್ರಂಥದ ಆಶಯಕ್ಕೆ ಹೊರತಾಗದು. ಆದರೂ ಪಠ್ಯವು ಹೇಳದೆ ಬಿಟ್ಟಿದ್ದನ್ನು ನಾವು ಹೇಳಿಸಲಾಗದು.

ಶಾರ್ಕನ್ನು ವಾದಕ್ಕಾಗಿ ಬಳಸದೆ ಅದನ್ನೇ ತಾಳ್ಮೆಯಿಂದ ನೋಡಿದ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಡೆನ್ಮಾರ್ಕಿನಲ್ಲಿ 1638ರಲ್ಲಿ ಹುಟ್ಟಿದ ನಿಕೊಲಾಸ್ ಸ್ಟೆನೊ ಅಂಗರಚನಾ ಶಾಸ್ತ್ರಜ್ಞರು. 1666ರಲ್ಲಿ ಇಟಲಿಯ ಲಿವೋರ್ನೊ ಬಳಿ ಹಿಡಿದ ಭಾರೀ ಶಾರ್ಕಿನ ತಲೆಯನ್ನು ಫ್ಲಾರೆನ್ಸಿನಲ್ಲಿ ಛೇದಿಸಿ ನೋಡುವ ಅವಕಾಶ ಅವರಿಗೆ ಒದಗಿತು. ಅದರ ಹಲ್ಲುಗಳು ಆ ಕಾಲದಲ್ಲಿ 'ನಾಲಗೆ ಕಲ್ಲು' ಎಂದು ಮಾರಾಟವಾಗುತ್ತಿದ್ದ ಕಲ್ಲುಗಳನ್ನೇ ಹೋಲುತ್ತಿದ್ದವು. ಈ ಕಲ್ಲುಗಳು ಮಾಲ್ಟಾ ದ್ವೀಪದಲ್ಲಿ ಹೇರಳ. ಪ್ರೇಷಿತರ ಕಾರ್ಯಕಲಾಪಗಳ 28ನೆಯ ಅಧ್ಯಾಯದಲ್ಲಿ ಸಂತ ಪೌಲರ ಕೈಗೆ ಹಾವು ಸುತ್ತಿಕೊಂಡ ಘಟನೆಯೊಂದಿಗೆ ಅವುಗಳನ್ನು ಜೋಡಿಸಿ, ಇವು ಕಲ್ಲಾದ ಹಾವಿನ ನಾಲಗೆಗಳು, ವಿಷಕ್ಕೆ ಮದ್ದು, ಎಂದು ಜನ ನಂಬಿದ್ದರು. ಅವು ಬಹು ಹಿಂದೆ ಬದುಕಿದ್ದ ಶಾರ್ಕುಗಳ ಹಲ್ಲುಗಳು, ಕೆಸರು ಪದರಪದರವಾಗಿ ಕಲ್ಲಾದಾಗ ಅದರಲ್ಲಿ ಉಳಿದವು ಎಂದು ಸ್ಟೆನೊ 1667ರಲ್ಲಿ ಬರೆದರು. ಭೂಪದರಗಳ ಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಇದೊಂದು. ಅದೇ ವರ್ಷ ಲೂಥರನ್ ಪಂಥದಿಂದ ಕಥೋಲಿಕ ಧರ್ಮಸಭೆಗೆ ಬಂದ ಅವರು 1675ರಲ್ಲಿ ಗುರುಗಳಾದರು, 1677ರಲ್ಲಿ ಧರ್ಮಾಧ್ಯಕ್ಷರಾದರು. ಜಗದ್ಗುರು ಎರಡನೆಯ ಜಾನ್ ಪೌಲರು 1988ರಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಸಂತರ ಹೆಸರಿನಲ್ಲಿ ಬೆಳೆದ ದಂತಕಥೆಯೊಂದನ್ನು ಬಿಟ್ಟುಕೊಟ್ಟದ್ದರಿಂದ ಅವರ ವಿಶ್ವಾಸಕ್ಕೆ ಕುಂದುಂಟಾಗಲಿಲ್ಲ. ಸೃಷ್ಟಿಯನ್ನು ಅದು ಇರುವಂತೆಯೇ ನೋಡುವುದೂ ಭಕ್ತಿಯ ಒಂದು ರೂಪ ಎಂಬುದಕ್ಕೆ ಅವರ ಬದುಕು ಸಾಕ್ಷಿ.

ಕನ್ನಡದಲ್ಲಿ ಮಹಾಮತ್ಸ್ಯ

ಕನ್ನಡದಲ್ಲಿ ಬೈಬಲು ಮೊದಲು ರೂಪುಗೊಂಡದ್ದು ಒಳನಾಡಿನಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಕೆಲಸ, ಸಂಗಡಿಗರ ನೆರವಿನಿಂದ 1831ರ ಹೊತ್ತಿಗೆ ಸಮಗ್ರ ಬೈಬಲಾಗಿ ಕೊನೆಗೊಂಡಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದರು. ಅವರ ಪೈಕಿ ಫರ್ಡಿನೆಂಡ್ ಕಿಟ್ಟೆಲರು ಕರಾವಳಿಯನ್ನೂ ಒಳನಾಡನ್ನೂ ಬಲ್ಲವರಾಗಿದ್ದು, 1894ರಲ್ಲಿ ತಮ್ಮ ಮಹಾನಿಘಂಟನ್ನು ಹೊರತಂದರು.

ಕಡಲಜೀವಿಗಳನ್ನು ಹೆಸರಿಸಲು ಕನ್ನಡಕ್ಕೆ ಎರಡು ಶಬ್ದಭಂಡಾರಗಳಿದ್ದವು. ಒಂದು ಸಂಸ್ಕೃತದ ಕೋಶ, ಕಾವ್ಯಗಳಿಂದ ಬಂದದ್ದು: ತಿಮಿ, ತಿಮಿಂಗಿಲ, ಮಕರ, ನಕ್ರ. ತಿಮಿ ಎಂದರೆ ಮಹಾಮೀನು; ಅದನ್ನೂ ನುಂಗುವುದು ತಿಮಿಂಗಿಲ; ಆ ತಿಮಿಂಗಿಲವನ್ನೂ ನುಂಗುವ ಇನ್ನೊಂದನ್ನು ಕವಿಗಳು ಕಲ್ಪಿಸಿಕೊಂಡಿದ್ದರು. ಹೆಸರಿನಲ್ಲಿಯೇ ನುಂಗುವಿಕೆ ಅಡಗಿದೆ. ಎರಡನೆಯದು ಕಡಲತೀರದ ದುಡಿಯುವ ಜನರ ಮಾತು. ತುಳುವರಿಗೆ ಶಾರ್ಕ್ 'ತಾಟೆ', ಕೊಂಕಣಿಗರಿಗೆ 'ಮೋರಿ'. ಚಪ್ಪಟೆ ಮೈಯ, ಚಾಟಿಯಂತಹ ಬಾಲದ ಮೀನು 'ತೊರಕೆ'. ಮೂತಿಯ ಎರಡೂ ಅಂಚಿಗೆ ಹಲ್ಲುಗಳನ್ನು ಹೊತ್ತದ್ದು 'ಗರಗಸ ಮೀನು'. ಮೊದಲನೆಯ ಭಂಡಾರದಲ್ಲಿ ಭಯವೂ ವಿಸ್ಮಯವೂ ಇವೆ. ಎರಡನೆಯದರಲ್ಲಿ ಪರಿಚಯವಿದೆ: ಯಾವುದು ಬಲೆ ಹರಿಯುತ್ತದೆ, ಯಾವುದರ ಮುಳ್ಳು ತಾಗಿದರೆ ನೋವು, ಯಾವುದು ಸಾರಿಗೆ ರುಚಿ.

ನಮ್ಮ ಧರ್ಮೋಪದೇಶದ ತರಗತಿಗಳೂ ಪ್ರಬೋಧನೆಗಳೂ ಮೊದಲನೆಯ ಭಂಡಾರಕ್ಕೆ ಕೈಹಾಕಿದವು. ಯೋನನು ತಿಮಿಂಗಿಲದ ಹೊಟ್ಟೆಯಲ್ಲಿದ್ದ ಎಂದೇ ನಮ್ಮಲ್ಲಿ ಹೆಚ್ಚಿನವರು ಬಾಲ್ಯದಲ್ಲಿ ಕಲಿತದ್ದು. ಇದಕ್ಕೆ ಇಂಗ್ಲಿಷಿನ ಪ್ರಭಾವವೂ ಸೇರಿತ್ತು. 1611ರ ಇಂಗ್ಲಿಷ್ ಅನುವಾದವು ಮತ್ತಾಯನ ಕೇತೋಸನ್ನು ತಿಮಿಂಗಿಲವೆಂದೇ ಅನುವಾದಿಸಿತ್ತು. ಹೀಗೆ ಗ್ರೀಕರ ಸಮುದ್ರರಾಕ್ಷಸ, ಇಂಗ್ಲಿಷರ ತಿಮಿಂಗಿಲ, ನಮ್ಮ ಕಾವ್ಯಗಳ ನುಂಗುವ ಮಹಾಜೀವಿ ಮೂರೂ ಒಂದಾಗಿ, ಹೀಬ್ರೂವಿನ ಸಾದಾ 'ದೊಡ್ಡ ಮೀನು' ಮರೆಯಾಯಿತು.

ಒಳನಾಡು ಕಡಲಿನಿಂದ ಪೂರ್ತಿ ಕಡಿದುಕೊಂಡಿತ್ತೆಂದು ಇದರಿಂದ ಭಾವಿಸಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬರುವ ಮುನ್ನ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ನಮ್ಮ ಹೊಲದ ಹತ್ತಿಗೇ ವ್ಯಾಪಾರಿಗಳು 'ಕುಮಟಾ ಹತ್ತಿ' ಎಂಬ ಹೆಸರಿಟ್ಟರು. ಬಂಡಿ ಹೊಡೆದವರು ಕಡಲನ್ನು ಕಂಡಿದ್ದರು. ಅವರು ಅಲ್ಲಿ ಕಂಡ ಮೀನುಗಳ ಹೆಸರುಗಳು ಮಾತ್ರ ನಮ್ಮ ಉಪದೇಶಪೀಠವನ್ನು ಏರಲಿಲ್ಲ.

ಹೆಸರಿನಿಂದ ಹೊಣೆಗೆ

ಒಂದು ಹೆಸರಿನ ವಿಷಯದಲ್ಲಿ ಇಷ್ಟು ಚರ್ಚೆ ಏಕೆ ಎಂದು ಓದುಗರು ಕೇಳಬಹುದು. ರಾಕ್ಷಸನೆಂದು ಕರೆದ ಜೀವಿಯ ಅಳಿವಿಗೆ ಯಾರೂ ದುಃಖಿಸುವುದಿಲ್ಲ, ಕಾರಣ ಅದೇ. ಶಾರ್ಕುಗಳು ನಿಧಾನವಾಗಿ ಬೆಳೆಯುವ ಮೀನುಗಳು. ಅನೇಕ ಜಾತಿಗಳು ಕೆಲವೇ ಮರಿಗಳನ್ನು ಹಾಕುತ್ತವೆ. ಒಮ್ಮೆ ಅತಿಯಾಗಿ ಹಿಡಿದರೆ ಅವುಗಳ ಸಂಖ್ಯೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಗರಗಸ ಮೀನುಗಳ ಸ್ಥಿತಿ ಇನ್ನೂ ಕಷ್ಟದ್ದು. ಹಲ್ಲಿನ ಮೂತಿಯು ಯಾವ ಬಲೆಗಾದರೂ ಸಿಕ್ಕಿಕೊಳ್ಳುತ್ತದೆ. 2001ರಲ್ಲಿ ಭಾರತ ಸರ್ಕಾರವು ತಿಮಿಂಗಿಲ ಶಾರ್ಕನ್ನೂ ಗರಗಸ ಮೀನುಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಗೆ ಇರುವ ರಕ್ಷಣೆಯ ಸಾಲಿಗೆ, ಸೇರಿಸಿತು. 2021ರ ಮಾರ್ಚಿನಲ್ಲಿ ನಮ್ಮ ಮಲ್ಪೆಯಲ್ಲಿಯೇ ದೊಡ್ಡ ಗರಗಸ ಮೀನೊಂದು ಬಲೆಗೆ ಸಿಲುಕಿ ದಡಕ್ಕೆ ಬಂದದ್ದು ಸುದ್ದಿಯಾಯಿತು. ಬಲೆ ಬೀಸಿದವನನ್ನು ದೂರಿ ಪ್ರಯೋಜನವಿಲ್ಲ. ಅವನ ಬಲೆಗೆ ಕಣ್ಣಿಲ್ಲ, ಅವನ ಸಾಲಕ್ಕೆ ಬಡ್ಡಿಯುಂಟು.

ತಿಮಿಂಗಿಲ ಶಾರ್ಕ್ ಲೋಕದ ಅತಿ ದೊಡ್ಡ ಮೀನು. 'ದೊಡ್ಡ ಮೀನು' ಎಂಬ ಹೀಬ್ರೂ ಮಾತಿಗೆ ಅಕ್ಷರಶಃ ತಕ್ಕ ಜೀವಿ ಯಾವುದಾದರೂ ಇದ್ದರೆ ಇದೇ. ಆದರೆ ಅದು ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ ತಿನ್ನುವ ಸಾಧುಪ್ರಾಣಿ. ಅದರ ಗಂಟಲು ಕಿರಿದು, ಮನುಷ್ಯನನ್ನು ನುಂಗಲಾರದು. ಗುಜರಾತಿನ ವೇರಾವಳ ತೀರದಲ್ಲಿ ಅದರ ಯಕೃತ್ತಿನ ಎಣ್ಣೆಗಾಗಿ ದೊಡ್ಡ ಪ್ರಮಾಣದ ಬೇಟೆ ನಡೆಯುತ್ತಿತ್ತು. ಕಾಯಿದೆ ಬಂದರೂ ಮನಸ್ಸು ಬದಲಾಗಬೇಕಿತ್ತು. 2004ರಲ್ಲಿ ಆರಂಭವಾದ ಸಂರಕ್ಷಣಾ ಅಭಿಯಾನಕ್ಕೆ ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು ದನಿಗೂಡಿಸಿದರು. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳು, ಮಗಳನ್ನು ಕೊಲ್ಲುವವರುಂಟೇ ಎಂಬುದು ಅವರ ಬೋಧನೆಯ ಸಾರ. ಅದಕ್ಕೆ 'ವ್ಹಾಲಿ', ಅಂದರೆ ಅಕ್ಕರೆಯವಳು, ಎಂಬ ಹೊಸ ಹೆಸರು ಬಂದಿತು. ಆಮೇಲೆ ಬಲೆಗೆ ಸಿಕ್ಕ ನೂರಾರು ಮೀನುಗಳನ್ನು ಬಿಡಿಸಲು ಮೀನುಗಾರರು ತಮ್ಮ ಬಲೆಗಳನ್ನೇ ಕತ್ತರಿಸಿದರು. ಧಾರ್ಮಿಕ ಬೋಧಕನೊಬ್ಬನು ಆರಿಸಿದ ಒಂದು ಹೆಸರು ಏನು ಮಾಡಬಲ್ಲುದು ಎಂಬುದನ್ನು ನಾವು, ಉಪದೇಶಪೀಠದಲ್ಲಿ ನಿಲ್ಲುವವರು, ವಿನಯದಿಂದ ಗಮನಿಸಬೇಕು.

ನಮ್ಮದೇ ಪವಿತ್ರ ಗ್ರಂಥದಲ್ಲಿಯೂ ಇದಕ್ಕೆ ಆಧಾರಗಳ ಕೊರತೆಯಿಲ್ಲ. ಆದಿಕಾಂಡದ ಪ್ರಕಾರ ದೇವರು ಮಹಾಜಲಚರಗಳನ್ನು ಸೃಷ್ಟಿಸಿ, ಒಳ್ಳೆಯದೆಂದು ಕಂಡು, ಆಶೀರ್ವದಿಸಿದರು. ಬೈಬಲಿನ ಮೊಟ್ಟಮೊದಲ ಆಶೀರ್ವಾದ ದೊರೆತದ್ದು ಮನುಷ್ಯನಿಗಲ್ಲ, ಐದನೆಯ ದಿನದ ಮೀನುಗಳಿಗೂ ಹಕ್ಕಿಗಳಿಗೂ. 104ನೆಯ ಕೀರ್ತನೆಯಲ್ಲಿ ಲಿವ್ಯಾತಾನ್ ಕಡಲಿನಲ್ಲಿ ಆಟವಾಡುತ್ತದೆ. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಮಿತಿಯಿಲ್ಲದ ಮೀನುಗಾರಿಕೆಯ ಹಾನಿಯನ್ನು ಹೆಸರಿಸಿ ಎಚ್ಚರಿಸಿದ್ದಾರೆ. ಯೋನನ ಮೀನನ್ನು ಮರಣದ ಪ್ರತೀಕವೆಂದು ಓದುವ ಸಂಪ್ರದಾಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಮೂರು ದಿನಗಳ ಸಂಕೇತ ಸ್ವಾಮಿಯವರೇ ಕೊಟ್ಟದ್ದು. ಆದರೆ ಆ ಸಂಕೇತದಲ್ಲಿಯೂ ಮೀನು ಹಿಡಿದಿಟ್ಟುಕೊಳ್ಳುವುದಿಲ್ಲ, ಅಪ್ಪಣೆಯಾದಾಗ ಬಿಟ್ಟುಕೊಡುತ್ತದೆ.

ಆಯಿ ಕೇಳಿದ ಪ್ರಶ್ನೆಗೆ ಈಗ ಹಿಂದಿರುಗುತ್ತೇನೆ. ಅವರು ಒಕ್ಕಲುತನದ ಮನೆಯವರು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಅವುಗಳಿಗೆ ಉಣಿಸಿ ತಾವು ಉಣ್ಣುತ್ತಿದ್ದವರು. ದುಡಿದ ಜೀವಕ್ಕೆ ಸಲ್ಲಬೇಕಾದದ್ದು ಸಲ್ಲಬೇಕು ಎಂಬುದು ಅವರಿಗೆ ಯಾರೂ ಕಲಿಸಬೇಕಾಗಿರದ ನ್ಯಾಯ. ಆದ್ದರಿಂದಲೇ ನಾನು ಯೋನನನ್ನು ಮಾತ್ರ ಕಂಡ ಕಥೆಯಲ್ಲಿ ಅವರು ಹೊತ್ತು ತಂದವನನ್ನೂ ಕಂಡರು. ಮೀನಿಗೆ ಏನು ದೊರೆಯಿತೆಂದು ಗ್ರಂಥವು ಹೇಳುವುದಿಲ್ಲ. ಆದರೆ ಅದರ ಕಟ್ಟಕಡೆಯ ವಾಕ್ಯದಲ್ಲಿ ದೇವರು ನಿನೆವೆಯ ಒಂದು ಲಕ್ಷದ ಇಪ್ಪತ್ತು ಸಾವಿರ ಜನರ ಜೊತೆಗೆ ಅಲ್ಲಿಯ ದನಕರುಗಳನ್ನೂ ನೆನೆದು, ಇವುಗಳ ಮೇಲೆ ನಾನು ಮರುಕಪಡಬಾರದೇ ಎಂದು ಪ್ರವಾದಿಯನ್ನು ಕೇಳುತ್ತಾರೆ. ಗ್ರಂಥದ ಕೊನೆಯ ಮಾತೇ ಪ್ರಾಣಿಗಳನ್ನು ಕುರಿತದ್ದು. ಅಂದು ಮುಂದಿನ ಅಧ್ಯಾಯಗಳನ್ನು ಅವಸರದಿಂದ ಓದಿ ಮುಗಿಸುವ ಬದಲು ಅಲ್ಲಿ ಒಂದು ಕ್ಷಣ ನಿಂತಿದ್ದರೆ, ಅವರಿಗೆ ಕೊಡಬೇಕಾಗಿದ್ದ ಉತ್ತರ ನನ್ನ ಕೈಯಲ್ಲಿಯೇ ಇತ್ತು.

ಆಯಿ ಈಗ ಇಲ್ಲ. ಸಾಧಾರಣ ಕಾಲದ 27ನೆಯ ವಾರದಲ್ಲಿ ಯೋನನ ಗ್ರಂಥದ ವಾಚನ ಬಂದಾಗ ನಾನು ಈಚೆಗೆ 'ದೊಡ್ಡ ಮೀನು' ಎಂದೇ ಹೇಳುತ್ತೇನೆ; ಕರಾವಳಿಯ ಧರ್ಮಕೇಂದ್ರಗಳಿಗೆ ಹೋದಾಗ, ತಾಟೆಯನ್ನೂ ತೊರಕೆಯನ್ನೂ ಕಂಡ ಜನರನ್ನು ಅದರ ಬಗ್ಗೆ ಕೇಳುತ್ತೇನೆ. ನಮ್ಮ ಗುರುಮಠದ ಸಹೋದರರೂ ಹಾಗೆಯೇ ಮಾಡಲಿ ಎಂಬುದು ನನ್ನ ವಿನಂತಿ. ನೇಮಕವಾದ ಕೆಲಸವನ್ನು ಮಾತಿಲ್ಲದೆ ಮಾಡಿ ಆಳಕ್ಕೆ ಹಿಂದಿರುಗಿದ ಆ ಮೀನಿನಿಂದ, ಕರೆ ಪಡೆದ ನಾವು ಕಲಿಯಬೇಕಾದದ್ದು ಇನ್ನೂ ಇದೆ.